ಮೈಕ್ ಹೋಗಿಲ್ಲ, ದಿಕ್ಕು ಹೋಗಿದೆ: ಡೈರೆಕ್ಷನಲ್ ಮೈಕಿನ ದೋಷ ಹುಡುಕುವ ಬಗೆ

ಡೈರೆಕ್ಷನಲ್ ಮೈಕ್ (ಒಂದು ದಿಕ್ಕಿನ ಸದ್ದನ್ನು ಹೆಚ್ಚು ಹಿಡಿಯುವ ಮೈಕ್) ಇರುವ ಸಾಮಾನು ರಿಪೇರಿಗೆ ಬಂತು ಅಂದರೆ ಜೊತೆಗೆ ಒಂದು ಮಾತೂ ಬರುತ್ತದೆ: "ಅಣ್ಣಾ, ಮೈಕ್ ಹೋಗಿದೆ, ಬೇರೆ ಹಾಕ್ಕೊಡಿ." ಬಹಳಷ್ಟು ಸಲ ಮೈಕ್ ಹೋಗಿರುವುದಿಲ್ಲ. ದನಿ ಬರುತ್ತಲೇ ಇರುತ್ತದೆ. ಎದುರಿಗೆ ಮಾತಾಡುವವರ ದನಿ ಎಷ್ಟು ಬರುತ್ತದೋ, ಹಿಂದಿನ ಫ್ಯಾನ್, ಪಕ್ಕದ ಟಿವಿ, ಪಿ.ಬಿ. ರಸ್ತೆಯ ಬಸ್ ಹಾರನ್ ಎಲ್ಲವೂ ಅಷ್ಟೇ ಜೋರಾಗಿ ಬರುತ್ತಿರುತ್ತವೆ. ತಕರಾರು ಅದು. ಸುಮ್ನೆ ಹೊಸ ಕ್ಯಾಪ್ಸೂಲ್ (ಮೈಕಿನ ಒಳಗೆ ಸದ್ದು ಹಿಡಿಯುವ ಸಣ್ಣ ಡಬ್ಬಿ) ಹಾಕಿ ಕಳಿಸಿದರೆ ವಾರದಲ್ಲಿ ಅದೇ ತಕರಾರು ವಾಪಸ್ ಬರುತ್ತದೆ, ಯಾಕೆಂದರೆ ಕೆಟ್ಟಿದ್ದು ಕ್ಯಾಪ್ಸೂಲ್ ಅಲ್ಲ, ಅದರ ಹಿಂದೆ ಸದ್ದು ಹೋಗುವ ದಾರಿ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ. ಸೋಲ್ಡರಿಂಗ್ ಐರನ್ ಬಿಸಿಗೆ ಇಡುವ ಮೊದಲು ಮೈಕಿನ ಬೆನ್ನು ನೋಡಿ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಇಂಥ ಮೈಕ್ ಈಗ ಎಲ್ಲೆಲ್ಲೂ ಇದೆ. ಮದುವೆ ವಿಡಿಯೊದವರ ಕ್ಯಾಮೆರಾ ಮೇಲಿನ ಉದ್ದ ಕೊಳವೆಯ ಗನ್ ಮೈಕ್, ಮಕ್ಕಳ ಆನ್‌ಲೈನ್ ಕ್ಲಾಸಿನ ಹೆಡ್‌ಸೆಟ್, ಕಾರಿನ ಹ್ಯಾಂಡ್ಸ್‌ಫ್ರೀ, ಲ್ಯಾಪ್‌ಟಾಪ್ ಪರದೆಯ ಮೇಲ್ತುದಿಯ ಎರಡು ಸಣ್ಣ ತೂತು, ಮಾತು ಕೇಳುವ ಸ್ಮಾರ್ಟ್ ಸ್ಪೀಕರ್. ಇವುಗಳಲ್ಲಿ ಎರಡು ಜಾತಿ. ಒಂದು, ಒಂದೇ ಕ್ಯಾಪ್ಸೂಲಿಗೆ ಮುಂದೊಂದು ಹಿಂದೊಂದು ತೂತು ಇರುವಂಥದ್ದು. ಇನ್ನೊಂದು, ಎರಡು ಅಥವಾ ಹೆಚ್ಚು ಸಾದಾ ಮೈಕ್ ಇಟ್ಟು ಚಿಪ್ ಒಳಗೆ ಲೆಕ್ಕ ಹಾಕಿ ದಿಕ್ಕು ಹುಟ್ಟಿಸುವಂಥದ್ದು. ದೋಷ ಹುಡುಕುವ ದಾರಿ ಎರಡಕ್ಕೂ ಬೇರೆ ಬೇರೆ. ಮೊದಲು ಕೈಯಲ್ಲಿರುವುದು ಯಾವ ಜಾತಿ ಅಂತ ನೋಡಿಕೊಳ್ಳಿ.

ಹಿಂದಿನ ತೂತಿನ ಕೆಲಸ ಏನು

ಸಾದಾ ಮೈಕಿಗೆ ಮುಂದೆ ಮಾತ್ರ ತೂತು. ಒಳಗಿನ ತೆಳು ಪೊರೆಯ ಹಿಂದೆ ಮುಚ್ಚಿದ ಗೂಡು. ಸದ್ದು ಯಾವ ಕಡೆಯಿಂದ ಬಂದರೂ ಗಾಳಿಯ ಒತ್ತಡ ಪೊರೆಯನ್ನು ತಳ್ಳುತ್ತದೆ, ಅದಕ್ಕೆ ದಿಕ್ಕು ಗೊತ್ತಾಗುವುದಿಲ್ಲ. ಡೈರೆಕ್ಷನಲ್ ಮೈಕಿನಲ್ಲಿ ಹಿಂದೆಯೂ ತೂತು ಇರುವುದರಿಂದ ಸದ್ದು ಪೊರೆಯ ಎರಡೂ ಮುಖಕ್ಕೆ ಬಡಿಯುತ್ತದೆ. ಬಾಗಿಲಿಗೆ ಕಟ್ಟಿದ ಪರದೆಗೆ ಎರಡೂ ಕಡೆಯಿಂದ ಒಂದೇ ಸಮ ಗಾಳಿ ಬೀಸಿದರೆ ಅದು ಅಲ್ಲಾಡುವುದಿಲ್ಲ ಅಲ್ವಾ, ಇಲ್ಲೂ ಅದೇ ಲೆಕ್ಕ.

ಹಿಂದಿನಿಂದ ಬಂದ ಸದ್ದು ಮೊದಲು ಹಿಂದಿನ ತೂತಿಗೆ ಸಿಗುತ್ತದೆ. ಅಲ್ಲಿ ಒಂದು ಚೂರು ಫೆಲ್ಟ್ ಅಥವಾ ನೂಲಿನ ಜಾಲರಿ ಇರುತ್ತದೆ, ಅದು ಸದ್ದನ್ನು ಸ್ವಲ್ಪ ತಡೆದು ಒಳಗೆ ಬಿಡುತ್ತದೆ. ಅಷ್ಟರಲ್ಲಿ ಅದೇ ಸದ್ದು ಕ್ಯಾಪ್ಸೂಲನ್ನು ಬಳಸಿಕೊಂಡು ಮುಂದಿನ ತೂತಿಗೂ ಬಂದಿರುತ್ತದೆ. ಎರಡೂ ಒಂದೇ ಹೊತ್ತಿಗೆ ಪೊರೆಯ ಎರಡು ಮುಖಕ್ಕೆ ಬಡಿದು ಒಂದನ್ನೊಂದು ಕಳೆದುಹಾಕುತ್ತವೆ. ಮುಂದಿನಿಂದ ಬಂದ ಸದ್ದಿಗೆ ಹೀಗಾಗುವುದಿಲ್ಲ. ಅದು ಮುಂದೆ ಮೊದಲು ಬಡಿದು, ಆಮೇಲೆ ಬಳಸಿಕೊಂಡು ಹಿಂದೆ ಹೋಗಿ, ಅಲ್ಲಿ ಫೆಲ್ಟ್‌ನಲ್ಲೂ ತಡವಾಗಿ ಪೊರೆ ಮುಟ್ಟುತ್ತದೆ, ಆದ್ದರಿಂದ ಕಳೆದುಹೋಗದೆ ಉಳಿಯುತ್ತದೆ. ಈ ಥರದ ಮೈಕಿಗೆ ಕಾರ್ಡಿಯಾಯ್ಡ್ ಅನ್ನುತ್ತಾರೆ.

ಇಷ್ಟು ತಲೆಯಲ್ಲಿ ಕೂತರೆ ಅರ್ಧ ದೋಷ ತಾನೇ ಸಿಗುತ್ತದೆ. ಹಿಂದಿನ ತೂತು ಮುಚ್ಚಿಹೋದರೆ ಅದು ಸಾದಾ ಮೈಕ್ ಆಗುತ್ತದೆ, ಎಲ್ಲಾ ಕಡೆಯದೂ ಕೇಳುತ್ತದೆ. ಫೆಲ್ಟ್ ಹರಿದು ಬಿದ್ದುಹೋದರೆ ಮುಂದಿನದೂ ಹಿಂದಿನದೂ ಸಮ ಕೇಳುತ್ತದೆ, ಪಕ್ಕದ್ದು ಮಾತ್ರ ಕಡಿಮೆ, ದನಿಯೂ ತೆಳ್ಳಗಾಗುತ್ತದೆ. ಕೇಸಿನ ಒಳಗೆ ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ಸಂದು ಬಿಟ್ಟಿದ್ದರೆ ಎಲ್ಲಾ ಸದ್ದೂ ಸಣ್ಣಗೆ, ಬೇಸ್ ಇಲ್ಲದೆ ಬರುತ್ತದೆ. ಮೂರೂ ಯಾಂತ್ರಿಕ ದೋಷ. ಮಲ್ಟಿಮೀಟರಿಗೆ ಒಂದೂ ಕಾಣುವುದಿಲ್ಲ.

ಯಾವ ಮೈಕ್ ರೆಕಾರ್ಡ್ ಆಗುತ್ತಿದೆ, ಅದನ್ನು ಮೊದಲು ನೋಡಿ

ರೆಕಾರ್ಡಿಂಗ್ ಶುರು ಮಾಡಿ ಉಗುರಿನಿಂದ ಮೈಕಿನ ತಲೆಯನ್ನು ಮೆಲ್ಲಗೆ ಕೆರೆಯಿರಿ. ಆಮೇಲೆ ಫೋನಿನ ಅಥವಾ ಕ್ಯಾಮೆರಾದ ಸ್ವಂತ ಮೈಕ್ ತೂತಿನ ಹತ್ತಿರ ಕೆರೆಯಿರಿ. ಯಾವುದು ಕರಕರ ಅಂತ ಜೋರಾಗಿ ಕೇಳಿಸಿತೋ ರೆಕಾರ್ಡ್ ಆಗುತ್ತಿರುವುದು ಅದು. ಅರ್ಧ ನಿಮಿಷದ ಕೆಲಸ. ಇದನ್ನು ಮಾಡದೆ ಮೈಕ್ ಬಿಚ್ಚಿದವರು ಬಹಳ ಜನ.

ಯಾಕೆ ಹೀಗಾಗುತ್ತದೆ ಅಂದರೆ ಜಾಕ್. ಕ್ಯಾಮೆರಾಗೆ ಅಂತ ಮಾಡಿದ ಮೈಕಿನ 3.5 ಮಿ.ಮೀ. ಪಿನ್ನಿನಲ್ಲಿ ಕಪ್ಪು ಗೆರೆ ಎರಡು ಇರುತ್ತವೆ, ಅಂದರೆ ಮೂರು ಭಾಗ. ಫೋನಿನ ಜಾಕಿಗೆ ಬೇಕಾದ ಪಿನ್ನಿನಲ್ಲಿ ಗೆರೆ ಮೂರು, ಭಾಗ ನಾಲ್ಕು. ಜಾಕ್ ಇರುವ ಈಗಿನ ಫೋನುಗಳಲ್ಲಿ ತುದಿ ಎಡ ಸ್ಪೀಕರ್, ಮೊದಲ ರಿಂಗ್ ಬಲ ಸ್ಪೀಕರ್, ಎರಡನೆಯ ರಿಂಗ್ ಗ್ರೌಂಡ್, ಬುಡ ಮೈಕ್. ಮೂರು ಭಾಗದ ಪಿನ್ ಚುಚ್ಚಿದರೆ ಮೈಕ್ ಗೆರೆ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಫೋನು "ಬರೀ ಹೆಡ್‌ಫೋನ್ ಹಾಕಿದ್ದಾರೆ" ಅಂತ ತಿಳಿದು ತನ್ನ ಸ್ವಂತ ಮೈಕಿನಲ್ಲೇ ರೆಕಾರ್ಡ್ ಮಾಡುತ್ತದೆ. ನೋಡುವವರಿಗೆ ಮಾತ್ರ ಮೇಲೆ ದೊಡ್ಡ ಗನ್ ಮೈಕ್ ಕಾಣುತ್ತಿರುತ್ತದೆ. ಇದಕ್ಕೆ ಬೇಕಾಗಿರುವುದು ಒಂದು ಪರಿವರ್ತಕ ತಂತಿ, ಹೊಸ ಮೈಕ್ ಅಲ್ಲ.

ಹಳೆಯ ಕೆಲವು ಫೋನ್ ಮತ್ತು ಹೆಡ್‌ಸೆಟ್‌ಗಳಲ್ಲಿ ಗ್ರೌಂಡ್ ಮತ್ತು ಮೈಕ್ ಜಾಗ ಅದಲುಬದಲಾಗಿರುತ್ತದೆ. ಹೆಡ್‌ಸೆಟ್ಟಿನ ಬಟನ್ ಒತ್ತಿ ಹಿಡಿದರೆ ಮಾತ್ರ ಹಾಡು ಸರಿಯಾಗಿ ಕೇಳಿಸುತ್ತಿದ್ದರೆ ಅದೇ ಗುರುತು.

ಲ್ಯಾಪ್‌ಟಾಪಿನಲ್ಲೂ ಅಷ್ಟೇ. ಯುಎಸ್‌ಬಿ ಮೈಕ್ ಹಾಕಿದ ಮಾತ್ರಕ್ಕೆ ಮೀಟಿಂಗ್ ಆ್ಯಪ್ ಅದನ್ನೇ ಹಿಡಿಯುತ್ತದೆ ಅಂತ ನಂಬಬೇಡಿ, ಸೆಟ್ಟಿಂಗ್ಸಿಗೆ ಹೋಗಿ ಹೆಸರು ನೋಡಿ.

ಹಿಂದುಮುಂದು ಅಳೆಯುವುದು

ಇದನ್ನು ಕೋಣೆಯಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ. ಗೋಡೆಗೆ ಬಡಿದ ಸದ್ದು ಮುಂದಿನಿಂದಲೂ ಬರುತ್ತದೆ, ಆಗ ಎಷ್ಟು ಒಳ್ಳೆಯ ಮೈಕಾದರೂ ಹಿಂದಿನದು ಕೇಳಿದಂತೆ ಕಾಣುತ್ತದೆ. ತಾರಸಿಗೆ ಹೋಗಿ. ಗಾಳಿ ಇಲ್ಲದ ಹೊತ್ತು ನೋಡಿಕೊಳ್ಳಿ, ನಮ್ಮ ಕಡೆ ಬೆಳಗ್ಗೆ ಬೇಗ ಆದರೆ ವಾಸಿ.

ಹೋಗುವ ಮೊದಲು ಒಂದು ಕೆಲಸ ಮರೆಯಬೇಡಿ: ತಾನಾಗಿ ಏರಿಳಿಯುವ ಗೇನ್ (ದನಿಯನ್ನು ಎಷ್ಟು ಎತ್ತಬೇಕು ಅನ್ನುವ ಮಟ್ಟ) ಮತ್ತು ನಾಯ್ಸ್ ಕಡಿಮೆ ಮಾಡುವ ಸೌಲಭ್ಯ ಎರಡನ್ನೂ ಆಫ್ ಮಾಡಿ. ವಿಂಡೋಸ್‌ನಲ್ಲಿ ಮೈಕಿನ ಸೆಟ್ಟಿಂಗ್ಸಿನಲ್ಲಿ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಅಂತ ಇದೆ, ಅದನ್ನು ಆಫ್ ಮಾಡಿ. ಕ್ಯಾಮೆರಾದಲ್ಲಿ ಆಡಿಯೊ ಲೆವೆಲ್ ಮ್ಯಾನುಯಲ್‌ಗೆ ಹಾಕಿ. ತಾನಾಗಿ ಏರುವ ಗೇನ್ ಇದ್ದರೆ ಮೈಕ್ ಹಿಂದಿನ ಸದ್ದನ್ನು ಕಷ್ಟಪಟ್ಟು ತಗ್ಗಿಸುತ್ತದೆ, ಗೇನ್ ಅದನ್ನು ಎತ್ತಿ ಮತ್ತೆ ಮುಂದಿನಷ್ಟೇ ಮಾಡಿಬಿಡುತ್ತದೆ. ಒಳ್ಳೆಯ ಮೈಕನ್ನು ಕೆಟ್ಟದು ಅಂತ ತೀರ್ಮಾನ ಮಾಡುವುದು ಇಲ್ಲೇ.

ಸದ್ದಿಗೆ ಒಂದು ಸಣ್ಣ ಎಫ್‌ಎಂ ರೇಡಿಯೊ ಸಾಕು. ಸ್ಟೇಷನ್ ಇಲ್ಲದ ಕಡೆ ತಿರುಗಿಸಿದರೆ ಬರುವ ಸೊರಸೊರ ಸದ್ದಿನಲ್ಲಿ ಎತ್ತರದ ಸ್ವರವೂ ತಗ್ಗಿನ ಸ್ವರವೂ ಇರುತ್ತದೆ, ಅದಕ್ಕೇ ಅದು ಒಂದೇ ಬೀಪ್ ಸದ್ದಿಗಿಂತ ಒಳ್ಳೆಯದು. ರೇಡಿಯೊವನ್ನು ಸ್ಟೂಲ್ ಮೇಲೆ ಇಟ್ಟು ಒಂದು ಮೀಟರ್ ದೂರದಲ್ಲಿ, ಅದೇ ಎತ್ತರದಲ್ಲಿ ಮೈಕ್ ಹಿಡಿಯಿರಿ. ಹತ್ತು ಸೆಕೆಂಡ್ ಮುಂದೆ, ಹತ್ತು ಸೆಕೆಂಡ್ ಪಕ್ಕಕ್ಕೆ, ಹತ್ತು ಸೆಕೆಂಡ್ ಹಿಂದೆ. ಮೈಕನ್ನು ತಿರುಗಿಸಿ, ರೇಡಿಯೊ ಸರಿಸಬೇಡಿ. ಮೈಕ್ ಹಿಡಿದ ಕೈ ಹಿಂದಿನ ತೂತಿಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ, ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದು ಮೂರೂ ತುಂಡಿನ ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಲೆವೆಲ್ ಬರೆದುಕೊಳ್ಳಿ.

ಕಾರ್ಡಿಯಾಯ್ಡ್ ಸರಿ ಇದ್ದರೆ ಪಕ್ಕದ್ದು ಮುಂದಿನದಕ್ಕಿಂತ ಸುಮಾರು 6 ಡಿಬಿ ಕಡಿಮೆ ಬರಬೇಕು. ಹಿಂದಿನದು ಬಯಲಿನಲ್ಲಿ 15ರ ಆಸುಪಾಸು ಕಡಿಮೆ ಬಂದರೆ ಸಾಧಾರಣ ಬೆಲೆಯ ಮಾಲಿಗೆ ಅದು ಒಳ್ಳೆಯ ಅಂಕ. ವ್ಯತ್ಯಾಸ ಬರೀ 2-3 ಡಿಬಿ ಇದ್ದರೆ ದಿಕ್ಕು ಹೋಗಿದೆ. ಮುಂದಿನದಕ್ಕಿಂತ ಹಿಂದಿನದೇ ಜಾಸ್ತಿ ಬಂದರೆ ಯಾರೋ ಮೊದಲೇ ಬಿಚ್ಚಿ ಕ್ಯಾಪ್ಸೂಲ್ ತಿರುಗಾಮುರುಗಾ ಕೂರಿಸಿದ್ದಾರೆ, ಇಲ್ಲವೇ ಮುಂದಿನ ಜಾಲರಿ ಕಟ್ಟಿಕೊಂಡಿದೆ. ಒಂದು ಎಚ್ಚರ: ಇನ್ನೂ ಕಿರಿದಾದ ದಿಕ್ಕು ಹಿಡಿಯುವ ಸೂಪರ್ ಕಾರ್ಡಿಯಾಯ್ಡ್ ಮತ್ತು ಹೈಪರ್ ಕಾರ್ಡಿಯಾಯ್ಡ್ ಮೈಕುಗಳು ನೇರ ಹಿಂದಿನದನ್ನು ಸ್ವಲ್ಪ ಕೇಳಿಯೇ ಕೇಳುತ್ತವೆ. ಅವು ಅತಿ ಕಡಿಮೆ ಕೇಳುವುದು ನೇರ ಮುಂದಿನಿಂದ ಅಳೆದರೆ ಸೂಪರಿನಲ್ಲಿ ಸುಮಾರು 126 ಡಿಗ್ರಿಯಲ್ಲಿ, ಹೈಪರಿನಲ್ಲಿ ಸುಮಾರು 110 ಡಿಗ್ರಿಯಲ್ಲಿ. ಅದು ದೋಷವಲ್ಲ, ಅದರ ಗುಣ.

ಅಳತೆ ಮಾಡುವ ಸೌಕರ್ಯ ಇಲ್ಲದಿದ್ದರೆ ಬಾಯಿಯೇ ಸಾಕು. ಮೈಕಿನಿಂದ ಅರ್ಧ ಮೀಟರ್ ದೂರದಲ್ಲಿ "ಒಂದು ಎರಡು ಮೂರು" ಅನ್ನಿ, ಹಾಗೇ ಮಾತಾಡುತ್ತಾ ಐದು ಸೆಂ.ಮೀ. ಹತ್ತಿರಕ್ಕೆ ಬನ್ನಿ. ಹತ್ತಿರ ಬರುತ್ತಾ ದನಿ ದಪ್ಪಗಾಗಿ ಬೇಸ್ ಏರಿತು ಅಂದರೆ ಹಿಂದಿನ ತೂತು ಜೀವಂತ ಇದೆ. ದನಿ ಬರೀ ಜೋರಾಯಿತು, ದಪ್ಪ ಆಗಲಿಲ್ಲ ಅಂದರೆ ಮೈಕ್ ಸಾದಾ ಆಗಿಹೋಗಿದೆ. ಇನ್ನೊಂದು, ಹಿಂದಿನ ತೂತನ್ನು ಬೆರಳಿನಿಂದ ಮುಚ್ಚಿ ತೆಗೆಯಿರಿ. ದನಿ ಬದಲಾಗಬೇಕು. ಏನೂ ಬದಲಾಗದಿದ್ದರೆ ಅದು ಮೊದಲೇ ಮುಚ್ಚಿದೆ.

ಮುಚ್ಚಿದ್ದು ಯಾರು

ಚಿತ್ರದುರ್ಗದ ಮದುವೆ ವಿಡಿಯೊದವರೊಬ್ಬರ ಗನ್ ಮೈಕ್ ಬಂದಿತ್ತು. ಛತ್ರದ ಅಡಿಗೆಮನೆ ಸದ್ದೆಲ್ಲಾ ಮಂತ್ರದ ಜೊತೆ ಬರುತ್ತದೆ ಅಂತ ದೂರು. ಮೈಕಿನ ಹಿಡಿಕೆ ಸಡಿಲ ಅಂತ ಅವರು ಕೊಳವೆಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಸರಿಯಾಗಿ ಉದ್ದನೆಯ ಸೀಳುಗಳ ಮೇಲೇ ಸುತ್ತಿದ್ದರು. ಬೇಸಿಗೆಯ ಬಿಸಿಗೆ ಟೇಪಿನ ಗೋಂದು ಕರಗಿ ಸೀಳಿನೊಳಗಿನ ಬಟ್ಟೆಗೆ ಇಳಿದು, ಬಟ್ಟೆ ಕಪ್ಪು ಡಾಂಬರಿನ ಹಾಗೆ ಗಟ್ಟಿಯಾಗಿತ್ತು. ಆ ಸೀಳುಗಳೇ ಗನ್ ಮೈಕಿನ ಜೀವ. ಪಕ್ಕದ ಸದ್ದು ಬೇರೆ ಬೇರೆ ಸೀಳಿನಿಂದ ಬೇರೆ ಬೇರೆ ಹೊತ್ತಿಗೆ ಒಳಗೆ ಬಂದು ತಮ್ಮತಮ್ಮಲ್ಲೇ ಕಳೆದುಹೋಗಲಿ ಅಂತ ಅವನ್ನು ಕೊರೆದಿರುತ್ತಾರೆ. ಟೇಪ್ ಬಿಡಿಸಿ, ಕೊಳವೆಯನ್ನು ಕ್ಯಾಪ್ಸೂಲಿನಿಂದ ಪೂರ್ತಿ ಬೇರೆ ಮಾಡಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಬಟ್ಟೆಯಿಂದ ಒರೆಸಿ, ಒಳಗಿನ ಬಟ್ಟೆಯನ್ನು ಅಂಥದ್ದೇ ತೆಳು ಬಟ್ಟೆಗೆ ಬದಲಾಯಿಸಿದ್ದಷ್ಟೇ. ಕ್ಯಾಪ್ಸೂಲ್ ಮುಟ್ಟಲೇ ಇಲ್ಲ, ಮೈಕ್ ಸರಿಹೋಯಿತು.

ಗನ್ ಮೈಕಿನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 20 ಸೆಂ.ಮೀ. ಕೊಳವೆ ಕೆಲಸ ಮಾಡುವುದು ಸುಮಾರು 1700 ಹರ್ಟ್ಸ್‌ಗಿಂತ ಮೇಲಿನ ಸ್ವರಕ್ಕೆ, ಯಾಕೆಂದರೆ ಆ ಸ್ವರದ ಅಲೆಯ ಉದ್ದವೇ 20 ಸೆಂ.ಮೀ. ಅದಕ್ಕಿಂತ ತಗ್ಗಿನ ಡೋಲು, ಜನರೇಟರ್ ಸದ್ದಿಗೆ ಕೊಳವೆಯಿಂದ ಏನೂ ಉಪಯೋಗ ಇಲ್ಲ, ಅಲ್ಲಿ ಕ್ಯಾಪ್ಸೂಲಿನ ದಿಕ್ಕು ಎಷ್ಟಿದೆಯೋ ಅಷ್ಟೇ. "ಓಲಗದ ಡೋಲು ಕೇಳ್ತಾ ಇದೆ, ಮೈಕ್ ಸರಿ ಇಲ್ಲ" ಅಂತ ಯಾರಾದರೂ ಅಂದರೆ ಮೈಕ್ ಬಿಚ್ಚಬೇಡಿ, ಮಾತಾಡುವವರ ಹತ್ತಿರ ಹಿಡಿಯಲು ಹೇಳಿ.

ಹೆಡ್‌ಸೆಟ್‌ಗಳಲ್ಲಿ ಮುಚ್ಚುವುದು ಸಾಮಾನ್ಯವಾಗಿ ಬೆವರು, ಎಂಜಲು, ಮುಖದ ಪೌಡರ್. ಬೂಮ್ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಬಾಯಿಯ ಕಡೆಗೊಂದು, ಹೊರಗಡೆಗೊಂದು ತೂತು ಇದ್ದರೆ ಅದು ಸದ್ದು ತಗ್ಗಿಸುವ ಜಾತಿ. ಬೂಮ್ ತಿರುಚಿಕೊಂಡು ಹೊರಗಿನ ತೂತು ಬಾಯಿಗೆ ಬಂದಿದ್ದರೆ ಮಗುವಿನ ದನಿ ಸಣ್ಣಗಾಗಿ ಮನೆಯ ಸದ್ದೇ ಆಚೆಯವರಿಗೆ ಕೇಳುತ್ತದೆ. ಬೂಮ್ ತಿರುಗಿಸಿದರೆ ರಿಪೇರಿ ಮುಗಿಯಿತು, ದುಡ್ಡು ತೆಗೆದುಕೊಳ್ಳಬೇಡಿ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆ, ಅಂಗಡಿಗಳಿಂದ ಬರುವ ಸಾಮಾನಿನಲ್ಲಿ ಹೊಟ್ಟಿನ ಬೂದಿ ನುಣ್ಣಗೆ ಜಾಲರಿಯಲ್ಲಿ ಕೂತಿರುತ್ತದೆ. ಮೆತ್ತನೆಯ ಒಣ ಬ್ರಷ್ ತಗೊಳ್ಳಿ, ತೂತನ್ನು ಕೆಳಮುಖ ಮಾಡಿ ಹಿಡಿದು ಬ್ರಷ್ ಆಡಿಸಿ, ಬೂದಿ ಕೆಳಗೆ ಉದುರಬೇಕು. ಬ್ಲೋವರ್ ಹಿಡಿಯಬೇಡಿ. ಇದನ್ನು ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಅಂಗಡಿಗಳಲ್ಲಿ ಎಲ್ಲದಕ್ಕೂ ಮೊದಲ ಮದ್ದು ಬ್ಲೋವರ್. ಫೋನ್, ಲ್ಯಾಪ್‌ಟಾಪಿನ ಒಳಗಿರುವ ಮೆಮ್ಸ್ ಅನ್ನುವ ಪುಟ್ಟ ಚಿಪ್ ಮೈಕಿನ ಪೊರೆ ಸಿಲಿಕಾನಿನದು, ಕಣ್ಣಿಗೆ ಕಾಣದಷ್ಟು ತೆಳು. ತೂತಿಗೆ ನೇರ ಒತ್ತಡದ ಗಾಳಿ ಬಿಟ್ಟರೆ ಪೊರೆ ಹರಿಯುತ್ತದೆ. ಸೂಜಿಯೂ ಬೇಡ. ಬೋರ್ಡ್ ತೊಳೆಯುವ ದ್ರಾವಣ, ಅಲ್ಟ್ರಾಸಾನಿಕ್ ತೊಟ್ಟಿ ಅಂತೂ ಬೇಡವೇ ಬೇಡ.

ಕರೆಂಟಿನ ಕಡೆ

ಬೆನ್ನು ಸರಿ ಇದೆ, ಆದರೂ ದನಿ ಇಲ್ಲ ಅಥವಾ ಬಹಳ ಸಣ್ಣ ಇದೆ. ಈಗ ಮಲ್ಟಿಮೀಟರ್ ತೆಗೆಯಿರಿ.

ಎಲೆಕ್ಟ್ರೆಟ್ (ಒಳಗೆ ಕಾಯಂ ಚಾರ್ಜ್ ಹಿಡಿದಿಟ್ಟ) ಕ್ಯಾಪ್ಸೂಲಿಗೆ ಕಾಲು ಎರಡು. ಲೋಹದ ಮೈಗೆ ಗೆರೆ ಸೇರಿಸಿರುವ ಕಾಲು ಗ್ರೌಂಡ್. ಒಳಗೆ ಒಂದು ಸಣ್ಣ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಇದೆ, ಅದಕ್ಕೆ ಬೋರ್ಡಿನಿಂದ ಒಂದು ರೆಸಿಸ್ಟರ್ ಮೂಲಕ ಕರೆಂಟ್ ಬರುತ್ತದೆ, ಸಾಮಾನ್ಯವಾಗಿ 2.2 ಕಿಲೋ ಓಮ್. ಬೋರ್ಡಿನಲ್ಲಿ 3 ವೋಲ್ಟ್ ಇದ್ದು ಕ್ಯಾಪ್ಸೂಲ್ 0.3 ಮಿಲಿಆಂಪ್ ಎಳೆದರೆ ರೆಸಿಸ್ಟರಿನಲ್ಲಿ 0.66 ವೋಲ್ಟ್ ಬೀಳುತ್ತದೆ, ಕಾಲುಗಳ ನಡುವೆ 2.3 ಆಸುಪಾಸು ಸಿಗಬೇಕು. ಪೂರ್ತಿ 3 ಸಿಕ್ಕರೆ ಕ್ಯಾಪ್ಸೂಲ್ ಕರೆಂಟ್ ಎಳೆಯುತ್ತಿಲ್ಲ: ಬೆಸುಗೆ ಬಿಟ್ಟಿದೆ ಅಥವಾ ಎಫ್‌ಇಟಿ ಸತ್ತಿದೆ. ಸೊನ್ನೆ ಸಿಕ್ಕರೆ ಕ್ಯಾಪ್ಸೂಲ್ ತೆಗೆದು ಮತ್ತೆ ನೋಡಿ. ಆಗ 3 ಬಂದರೆ ಕ್ಯಾಪ್ಸೂಲ್ ಶಾರ್ಟ್, ಬರದಿದ್ದರೆ ಬೋರ್ಡಿನ ಕಡೆ ದೋಷ. ಕೆಲವು ಕ್ಯಾಮೆರಾಗಳಲ್ಲಿ ಈ ಕರೆಂಟನ್ನು ಮೆನುವಿನಲ್ಲಿ ಆನ್-ಆಫ್ ಮಾಡುವ ಅವಕಾಶ ಇರುತ್ತದೆ, ಅದಕ್ಕೆ ಪ್ಲಗ್-ಇನ್ ಪವರ್ ಅನ್ನುತ್ತಾರೆ. ಅದು ಆಫ್ ಆಗಿದ್ದರೆ ಒಳ್ಳೆಯ ಮೈಕೂ ಮೂಕ.

ದೊಡ್ಡ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ಕಂಡೆನ್ಸರ್ ಜಾತಿಯದಾದರೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ (ಮೈಕಿನ ತಂತಿಯಲ್ಲೇ ಬರುವ ಕರೆಂಟ್) ಬೇಕು. ಮೈಕ್ ಕಳಚಿ ತಂತಿಯ ತುದಿಯಲ್ಲಿ ಅಳೆದರೆ 2 ಮತ್ತು 3ನೇ ಪಿನ್ ಎರಡರಲ್ಲೂ 1ನೇ ಪಿನ್ನಿಗೆ ಹೋಲಿಸಿ 48ರ ಹತ್ತಿರ ಇರಬೇಕು. ಒಂದರಲ್ಲಿ ಮಾತ್ರ ಇದ್ದರೆ ತಂತಿ ಒಳಗೆ ತುಂಡಾಗಿದೆ, ಮುಕ್ಕಾಲು ಪಾಲು ಕನೆಕ್ಟರಿನ ಬುಡದಲ್ಲೇ.

ಗುಂಯ್ ಅಂತ ಹಮ್ ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನೋಡಿ. ನಿಂತರೆ ಅರ್ಥಿಂಗ್ ತೊಂದರೆ, ಮೈಕಿನದಲ್ಲ. ಟಿಡಿಡಿ ಟಿಡಿಡಿ ಅಂತ ಬಿಟ್ಟು ಬಿಟ್ಟು ಬರುವುದು ಹತ್ತಿರದ ಮೊಬೈಲಿನ ಟೂಜಿ ಸಿಗ್ನಲ್ಲು, ಫೋನ್ ಎರಡು ಮೀಟರ್ ದೂರ ಇಟ್ಟು ನೋಡಿ.

ಎರಡು ಮೈಕಿನ ಮಾಡ್ಯೂಲ್

ಇಲ್ಲಿ ಮೈಕ್ ಎರಡೂ ಸಾದಾ. ದಿಕ್ಕು ಹುಟ್ಟುವುದು ಕಾಲದ ಲೆಕ್ಕದಿಂದ. ಸದ್ದು 20 ಡಿಗ್ರಿ ಬಿಸಿಯಲ್ಲಿ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಸೆಕೆಂಡಿಗೆ 16,000 ಸಲ ಸದ್ದನ್ನು ಅಳೆಯುವ, ಅಂದರೆ 16,000 ಸ್ಯಾಂಪಲ್ ತೆಗೆಯುವ ಚಿಪ್ಪಿನಲ್ಲಿ ಒಂದು ಸ್ಯಾಂಪಲಿನ ಹೊತ್ತಿಗೆ ಸದ್ದು ಸುಮಾರು 21 ಮಿ.ಮೀ. ಸಾಗಿರುತ್ತದೆ. ಹಾಗಾಗಿ ಮೈಕುಗಳನ್ನು 21 ಮಿ.ಮೀ. ದೂರ ಇಟ್ಟು, ಹಿಂದಿನ ಮೈಕನ್ನು ಒಂದು ಸ್ಯಾಂಪಲ್ ತಡಮಾಡಿ ಮುಂದಿನದರಿಂದ ಕಳೆದರೆ ಕಾರ್ಡಿಯಾಯ್ಡ್ ಸಿಗುತ್ತದೆ. ಫೆಲ್ಟ್ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಲೆಕ್ಕ ಮಾಡುತ್ತದೆ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಪ್ರಾಜೆಕ್ಟಿಗೆ ಇಎಸ್‌ಪಿ32 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಎರಡು ಐಎನ್‌ಎಂಪಿ441 ಡಿಜಿಟಲ್ ಮೈಕ್ ಜೋಡಿಸಿಕೊಂಡು ಬರುತ್ತಾರೆ. "ಸರ್, ಒಂದೇ ಮೈಕ್ ಬರ್ತಿದೆ" ಅನ್ನುತ್ತಾರೆ. ಒಂದೊಂದು ಮೈಕಿನ ಬೋರ್ಡಿನಲ್ಲೂ ಎಲ್/ಆರ್ ಅಂತ ಒಂದು ಪಿನ್ ಇದೆ. ಒಂದರ ಪಿನ್ನನ್ನು ಗ್ರೌಂಡಿಗೆ, ಇನ್ನೊಂದರದ್ದನ್ನು 3.3 ವೋಲ್ಟಿಗೆ ಹಾಕಬೇಕು. ಆಗ ಎರಡೂ ಒಂದೇ ಡೇಟಾ ತಂತಿಯಲ್ಲಿ ಸರದಿಯಂತೆ ಮಾತಾಡುತ್ತವೆ. ಎರಡನ್ನೂ ಗ್ರೌಂಡಿಗೆ ಹಾಕಿದರೆ ಎರಡೂ ಎಡದ ಸರದಿಯಲ್ಲೇ ಜಗಳವಾಡುತ್ತವೆ, ಬಲ ಚಾನೆಲ್ ಖಾಲಿ. ಪಿನ್ನನ್ನು ಗಾಳಿಯಲ್ಲಿ ಬಿಟ್ಟರಂತೂ ಒಮ್ಮೆ ಹೀಗೆ ಒಮ್ಮೆ ಹಾಗೆ. ಡೇಟಾ ತಂತಿಯಿಂದ ಗ್ರೌಂಡಿಗೆ 100 ಕಿಲೋ ಓಮ್ ರೆಸಿಸ್ಟರ್ ಹಾಕುವುದನ್ನೂ ಮರೆಯಬೇಡಿ. ಇನ್ನೊಂದು ವಿಷಯ, ಈ ಮೈಕಿನ ತೂತು ಚಿಪ್ಪಿನ ಕೆಳಗಿದೆ, ಬೋರ್ಡಿನ ತೂತಿನ ಮೂಲಕ ಆಚೆ ಬದಿಗೆ ಬರುತ್ತದೆ. ಬೆಳ್ಳಿ ಬಣ್ಣದ ಡಬ್ಬಿಯನ್ನು ಮಾತಾಡುವವರ ಕಡೆಗಿಟ್ಟು ಬೆನ್ನನ್ನು ಮೇಜಿಗೆ ಅಂಟಿಸಿದರೆ ಮೈಕಿನ ಬಾಯಿಯನ್ನೇ ಮುಚ್ಚಿದಂತಾಯಿತು.

ಎರಡೂ ಚಾನೆಲ್ ಬರುತ್ತಿದ್ದರೆ ಚಪ್ಪಾಳೆ ಪರೀಕ್ಷೆ ಮಾಡಿ. ಎರಡು ಮೈಕ್ ಸೇರಿಸುವ ಗೆರೆಯ ನೇರಕ್ಕೇ, ಮುಂದಿನ ಮೈಕಿನ ಕಡೆ ಒಂದು ಮೀಟರ್ ದೂರ ನಿಂತು ಒಂದು ಚಪ್ಪಾಳೆ. ದಿಕ್ಕಿನ ಲೆಕ್ಕ ಹಾಕದೆ ಎರಡೂ ಚಾನೆಲನ್ನು ಹಸಿಯಾಗಿ ಸ್ಟೀರಿಯೊ ರೆಕಾರ್ಡ್ ಮಾಡಿ. ಆಡಾಸಿಟಿಯಲ್ಲಿ ಚಪ್ಪಾಳೆಯ ಮೊದಲ ಏರಿಕೆಯನ್ನು ಸ್ಯಾಂಪಲ್ ಕಾಣುವಷ್ಟು ದೊಡ್ಡದು ಮಾಡಿ ನೋಡಿ. ಮೂರು ವಿಷಯ ಒಂದೇ ಚಿತ್ರದಲ್ಲಿ ಸಿಗುತ್ತದೆ. ಮುಂದಿನ ಮೈಕಿನಲ್ಲಿ ಏರಿಕೆ ಮೊದಲು ಬರಬೇಕು. ಹಿಂದಿನದರಲ್ಲಿ ಮೊದಲು ಬಂದರೆ ಚಾನೆಲ್ ಅದಲುಬದಲಾಗಿದೆ, ಮಾಡ್ಯೂಲ್ ಬೆನ್ನ ಹಿಂದಿನದನ್ನು ಕೇಳುತ್ತಿದೆ. ಎರಡರಲ್ಲೂ ಮೊದಲ ಏರಿಕೆ ಒಂದೇ ಕಡೆಗಿರಬೇಕು. ಒಂದು ಮೇಲಕ್ಕೆ ಒಂದು ಕೆಳಕ್ಕೆ ಇದ್ದರೆ ಒಂದರ ಪೋಲಾರಿಟಿ ತಿರುಗಿದೆ. ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಸಮ ಇರಬೇಕು.

ಈ ಮೂರನೆಯದೇ ಬಹಳ ಕಾಡುವುದು. ಎರಡರ ನಡುವೆ ಬರೀ 1 ಡಿಬಿ ಹೆಚ್ಚುಕಡಿಮೆ ಇದ್ದರೂ ಕಳೆದ ಮೇಲೆ ಸುಮಾರು ಹತ್ತರಲ್ಲೊಂದು ಪಾಲು ಸದ್ದು ಉಳಿದುಬಿಡುತ್ತದೆ. ಎತ್ತರದ ಸ್ವರದಲ್ಲಿ ಅದು ಗೊತ್ತಾಗುವುದಿಲ್ಲ. ತಗ್ಗಿನ ಸ್ವರದಲ್ಲಿ ಮುಂದಿನ ಸದ್ದೂ ಕಳೆದ ಮೇಲೆ ಸಣ್ಣದಾಗಿರುತ್ತದೆ, ಆದ್ದರಿಂದ 300 ಹರ್ಟ್ಸ್ ಸುತ್ತ ಹಿಂದಿನದು ಮುಂದಿನದಕ್ಕಿಂತ ಆರೇಳು ಡಿಬಿ ಮಾತ್ರ ತಗ್ಗುತ್ತದೆ. ಅಂದರೆ ಸೊರಸೊರ ಸದ್ದು ಹೋಯಿತು, ಗಂಡಸರ ದಪ್ಪ ದನಿ, ಫ್ಯಾನಿನ ಗುಂಯ್ ಹೋಗಲಿಲ್ಲ. ಇಂಥ ದೂರು ಬಂದರೆ ಕೋಡಿನಲ್ಲಿ ಒಂದು ಚಾನೆಲಿನ ಗೇನ್ ತಿದ್ದಿ ಎರಡನ್ನೂ ಸಮ ಮಾಡಿ. ಗೇನ್ ಸಮ ಮಾಡಿದರೂ ಬರೀ ಎತ್ತರದ ಸ್ವರದಲ್ಲಿ ಒಂದು ಮಂಕಾಗಿದ್ದರೆ ಅದರ ತೂತಿಗೂ ಕೇಸಿಗೂ ನಡುವಿನ ರಬ್ಬರ್ ಗ್ಯಾಸ್ಕೆಟ್ ಸರಿದಿದೆ. ಗ್ಯಾಸ್ಕೆಟ್ ಸಂದು ಬಿಟ್ಟರೆ ಸದ್ದು ಕೇಸಿನ ಒಳಗೆ ಹೊಕ್ಕು ಒಂದು ಮೈಕಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಕಾಲದ ಲೆಕ್ಕವೆಲ್ಲಾ ಹಾಳು. ಪರೀಕ್ಷೆ ಸುಲಭ: ಒಂದರ ಹೊರಗಿನ ತೂತಿಗೆ ಗಟ್ಟಿಯಾಗಿ ಪುಟ್ಟಿ ಒತ್ತಿ ರೆಕಾರ್ಡ್ ಮಾಡಿ. ಆ ಚಾನೆಲ್ ಚೆನ್ನಾಗಿ ತಗ್ಗಬೇಕು. ತಗ್ಗದೇ ಇದ್ದರೆ ಒಳಗಿನಿಂದ ಸೋರಿಕೆ.

ಎರಡು ಬೇರೆ ಬೇರೆ ಯುಎಸ್‌ಬಿ ಮೈಕ್ ಹಾಕಿ ದಿಕ್ಕು ಮಾಡಲು ಹೊರಡುವವರೂ ಇದ್ದಾರೆ. ಆಗುವುದಿಲ್ಲ. ಎರಡಕ್ಕೂ ಗಡಿಯಾರ ಬೇರೆ, ನಿಮಿಷ ಕಳೆಯುವುದರೊಳಗೆ ಸ್ಯಾಂಪಲ್ ಲೆಕ್ಕ ಸರಿದುಹೋಗುತ್ತದೆ. ಇದಕ್ಕೆ ರಿಪೇರಿ ಇಲ್ಲ, ಒಂದೇ ಗಡಿಯಾರದ ಬೋರ್ಡ್ ಬೇಕು.

ಫೋನುಗಳಲ್ಲಿ ಎರಡನೆಯ ಮೈಕ್ ಮೇಲ್ತುದಿಯಲ್ಲಿ ಅಥವಾ ಕ್ಯಾಮೆರಾ ಪಕ್ಕ ಇರುತ್ತದೆ. ಹೊಸ ಬ್ಯಾಕ್ ಕವರ್ ಹಾಕಿದ ಮೇಲೆ ಶುರುವಾದ ತೊಂದರೆಗೆ ಮೊದಲು ಕವರ್ ತೆಗೆದು ಕರೆ ಮಾಡಿ ನೋಡಿ.

ಗಾಳಿ

ಚಿತ್ರದುರ್ಗದ ಕೋಟೆ ಮೇಲೆ, ಜೋಗಿಮಟ್ಟಿಯಲ್ಲಿ ವಿಡಿಯೊ ಮಾಡಿದವರು "ಮೈಕ್ ಒಡೆದಿದೆ, ಗುಡುಗಿದ ಹಾಗೆ ಬರ್ತಿದೆ" ಅಂತ ತರುತ್ತಾರೆ. ಅಲ್ಲಿನ ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಡೈರೆಕ್ಷನಲ್ ಮೈಕಿಗೆ ಸಾದಾ ಮೈಕಿಗಿಂತ ಗಾಳಿ ಹೆಚ್ಚು ತೊಂದರೆ ಕೊಡುತ್ತದೆ, ಎರಡು ತೂತಿನಲ್ಲಿ ಗಾಳಿ ಬೇರೆ ಬೇರೆಯಾಗಿ ಸುಳಿಯುವುದರಿಂದ ಅದು ಕಳೆದುಹೋಗುವುದಿಲ್ಲ, ಪೂರ್ತಿ ಉಳಿಯುತ್ತದೆ. ಮೈಕನ್ನು ಒಳಗೆ ತಂದು ರೆಕಾರ್ಡ್ ಮಾಡಿ. ಗುಡುಗು ನಿಂತರೆ ಮೈಕ್ ಸರಿ ಇದೆ. ಬಯಲಿಗೆ ಸ್ಪಾಂಜ್ ಸಾಲದು, ಉದ್ದ ಕೂದಲಿನ ತುಪ್ಪಳದ ಹೊದಿಕೆ ಬೇಕು. ಅದು ಮೈಕಿಗೆ ಅಂಟಿಕೊಳ್ಳದೆ ಸುತ್ತ ಸ್ವಲ್ಪ ಜಾಗ ಬಿಟ್ಟಿರಬೇಕು. ಮೈಕಿನಲ್ಲಿ ತಗ್ಗಿನ ಸ್ವರ ಕತ್ತರಿಸುವ ಲೋ ಕಟ್ ಸ್ವಿಚ್ ಇದ್ದರೆ ಹಾಕಿ. ಆಮೇಲೆ ಕಂಪ್ಯೂಟರಿನಲ್ಲಿ ಕತ್ತರಿಸುತ್ತೇನೆ ಅಂದರೆ ಆಗದು, ಗಾಳಿಗೆ ರೆಕಾರ್ಡಿಂಗ್ ಒಮ್ಮೆ ಒಡೆಯಿತು ಅಂದರೆ ಅದರ ಜೊತೆ ಮಾತೂ ಒಡೆದಿರುತ್ತದೆ.

ಹೊಸ ಕ್ಯಾಪ್ಸೂಲ್ ಹಾಕಲೇಬೇಕಾದಾಗ

ಎಲೆಕ್ಟ್ರೆಟ್ ಮೈಕನ್ನು 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಮಾಡಿದರು. ಪ್ಲಾಸ್ಟಿಕ್ ಹಾಳೆಯಲ್ಲಿ ವಿದ್ಯುತ್ ಚಾರ್ಜನ್ನು ಕಾಯಮ್ಮಾಗಿ ಹಿಡಿದಿಡುವುದೇ ಅದರ ಗುಟ್ಟು. ಜಾಸ್ತಿ ಬಿಸಿ ತಗುಲಿದರೆ ಆ ಚಾರ್ಜ್ ಸೋರಿ ಮೈಕ್ ಮಂದವಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮೈಕ್ ಬಿಡಬೇಡಿ ಅನ್ನುವುದು ಇದಕ್ಕೇ. ಬೆಸುಗೆ ಹಾಕುವಾಗಲೂ ಒಂದೊಂದು ಕಾಲಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಮೈಯನ್ನು ಇಕ್ಕಳದಿಂದ ಹಿಡಿದುಕೊಂಡರೆ ಬಿಸಿ ಅದಕ್ಕೆ ಇಳಿಯುತ್ತದೆ.

ಕ್ಯಾಪ್ಸೂಲ್ ಕೊಳ್ಳುವಾಗ ಅಳತೆ ಒಂದೇ ನೋಡಿದರೆ ಸಾಲದು. 10 ಮಿ.ಮೀ. ಸಾದಾ ಕ್ಯಾಪ್ಸೂಲೂ, 10 ಮಿ.ಮೀ. ಡೈರೆಕ್ಷನಲ್ ಕ್ಯಾಪ್ಸೂಲೂ ಮುಂದಿನಿಂದ ಒಂದೇ ಥರ ಕಾಣುತ್ತವೆ. ತಿರುಗಿಸಿ ನೋಡಿ. ಡೈರೆಕ್ಷನಲ್‌ಗೆ ಕಾಲುಗಳಿರುವ ಹಿಂದಿನ ಬಿಲ್ಲೆಯಲ್ಲಿ ಸಣ್ಣ ತೂತುಗಳಿರುತ್ತವೆ. ಅವುಗಳ ಮೇಲೆ ಫ್ಲಕ್ಸ್ ಹರಿಯದ ಹಾಗೆ ಬೆಸುಗೆ ಹಾಕಿ, ಹಾಟ್ ಗ್ಲೂ ಅಂತೂ ಹತ್ತಿರ ತರಬೇಡಿ. ಅಲ್ಲಾಡದಿರಲಿ ಅಂತ ಹಿಂದೆ ಗ್ಲೂ ಸುರಿದು ಕೊಟ್ಟ ಕ್ಯಾಪ್ಸೂಲ್ ಎಷ್ಟೋ ನೋಡಿದ್ದೇನೆ. ಹೊಸ ಮೈಕ್, ಆದರೆ ಬೆನ್ನು ಸೀಲು. ಹಿಡಿದಿಡಲು ಮೂಲ ರಬ್ಬರ್ ಬಳೆಯನ್ನೇ ಬಳಸಿ, ಅದು ಕ್ಯಾಪ್ಸೂಲಿನ ಅಂಚನ್ನು ಮಾತ್ರ ಹಿಡಿಯಬೇಕು.

ಕೇಸ್ ಮುಚ್ಚುವ ಮೊದಲು ಒಮ್ಮೆ, ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಹಿಂದುಮುಂದು ಅಳೆಯಿರಿ. ತೆರೆದಿಟ್ಟಾಗ 15 ಡಿಬಿ ವ್ಯತ್ಯಾಸ ಕೊಟ್ಟಿದ್ದು ಮುಚ್ಚಿದ ಮೇಲೆ 5ಕ್ಕೆ ಇಳಿದರೆ ರಬ್ಬರ್ ಮಡಚಿಕೊಂಡಿದೆ ಅಥವಾ ತಂತಿ ಹಿಂದಿನ ತೂತಿಗೆ ಅಡ್ಡ ಕೂತಿದೆ. ಬಿಚ್ಚಿ, ತಂತಿಯನ್ನು ಪಕ್ಕದ ಗೋಡೆಗೆ ಸರಿಸಿ, ಮತ್ತೆ ಮುಚ್ಚಿ ಅಳೆದ ಅಂಕವನ್ನೇ ಬಿಲ್ಲಿನ ಮೇಲೆ ಬರೆದುಕೊಡಿ, ಮುಂದೆ ಅದೇ ಮೈಕ್ ಬಂದಾಗ ಹೋಲಿಸಿ ನೋಡಲು ಬೇಕಾಗುತ್ತದೆ.